ಲಕೋಟೆಯ ಮೇಲೆ ಹತ್ತು ಸೆಂಟ್ ಬಾಕಿ: ಕಾನ್ಫೆಡರೇಟ್ ಸಿಪಾಯಿಯ ಬಿಡಾರ ಮತ್ತು ಅವನ ಮನೆ

(ಅಮೆರಿಕದ ಅಂತರ್ಯುದ್ಧದ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರೊಬ್ಬರು ನಡುವೆ ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಅಲ್ಲಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1861ರ ಜುಲೈನಲ್ಲಿ, ಅಮೆರಿಕದ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಸರ್ಕಾರ (ಇದಕ್ಕೇ ಕಾನ್ಫೆಡರೇಟ್ ಸರ್ಕಾರ ಎಂದು ಹೆಸರು) ಒಂದು ಸಣ್ಣ ಕಾನೂನು ಮಾಡಿತು. ಸೈನ್ಯದಲ್ಲಿ ಇರುವವನು ಅಂಚೆಚೀಟಿ ಹಚ್ಚದೆಯೇ ಮನೆಗೆ ಕಾಗದ ಹಾಕಬಹುದು. ಲಕೋಟೆಯ ಮೇಲೆ ಅವನ ಹೆಸರು, ಹುದ್ದೆ, ಕಂಪನಿ, ರೆಜಿಮೆಂಟ್ ಇದ್ದರೆ ಸಾಕು. ಅಂಚೆ ವೆಚ್ಚವನ್ನು ಕಾಗದ ಬಿಡಿಸಿಕೊಳ್ಳುವವರು ಕೊಡಬೇಕು. ಮೊದಮೊದಲು 500 ಮೈಲಿಯ ಒಳಗೆ ಐದು ಸೆಂಟ್, ಅದರಾಚೆಗೆ ಹತ್ತು ಸೆಂಟ್ ಇತ್ತು. 1862ರ ಜುಲೈನಿಂದ ದೂರ ಎಷ್ಟೇ ಇರಲಿ, ಹತ್ತು ಸೆಂಟ್.

ಈ ಲಕೋಟೆಗಳು ಇವತ್ತಿಗೂ ಸಾವಿರಗಟ್ಟಲೆ ಉಳಿದಿವೆ. ಮೂಲೆಯಲ್ಲಿ 'ಬಾಕಿ 10' ಎಂಬ ಗುರುತು. ಆ ಗುರುತಿನ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಿ. ಜಾರ್ಜಿಯಾದ ಯಾವುದೋ ಹಳ್ಳಿಯಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು ಒಬ್ಬಳೇ ಬೇಸಾಯ ನೋಡಿಕೊಳ್ಳುತ್ತಿರುವ ಹೆಂಗಸು ಅಂಚೆ ಕಚೇರಿಗೆ ಬರುತ್ತಾಳೆ. ಗಂಡ ಬದುಕಿದ್ದಾನೆ ಎನ್ನುವ ಸುದ್ದಿ ಕೌಂಟರಿನ ಆ ಕಡೆ ಇದೆ. ಹತ್ತು ಸೆಂಟ್ ಕೊಟ್ಟರೆ ಮಾತ್ರ ಈ ಕಡೆಗೆ ಬರುತ್ತದೆ.

ಯುದ್ಧ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಇಸವಿಗಳು, ಸೇನಾಪತಿಗಳ ಹೆಸರುಗಳು, ಬಾಣದ ಗುರುತಿನ ನಕ್ಷೆಗಳು. ಇವತ್ತು ಅದನ್ನೆಲ್ಲ ಬದಿಗಿಟ್ಟು, ಸಾಮಾನ್ಯ ಸಿಪಾಯಿಯ ಬಿಡಾರಕ್ಕೂ ಅವನ ಮನೆಗೂ ನಡುವೆ ಓಡಾಡಿದ ಈ ಕಾಗದಗಳ ಬಗ್ಗೆ ಮಾತಾಡುತ್ತೇನೆ. ಅವನನ್ನು ಸೈನ್ಯಕ್ಕೆ ತಂದದ್ದು ಮನೆ, ಅಲ್ಲಿ ಹಿಡಿದಿಟ್ಟದ್ದು ಮನೆ, ಕೊನೆಗೆ ಅಲ್ಲಿಂದ ಎಬ್ಬಿಸಿಕೊಂಡು ಹೋದದ್ದೂ ಮನೆಯೇ. ಜೊತೆಗೆ, ಆ ಮನೆ ಯಾರ ದುಡಿಮೆಯ ಮೇಲೆ ನಿಂತಿತ್ತು ಎನ್ನುವುದನ್ನು ಬಿಟ್ಟು ಆ ಕಾಗದಗಳನ್ನು ಓದಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ವಿಷಯಕ್ಕೂ ಬರುತ್ತೇನೆ.

ಮೊದಲು ಆ ಸಿಪಾಯಿ ಯಾರು ಎಂದು ನೋಡೋಣ. 1861ರ ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಯುದ್ಧ ಶುರುವಾದಾಗ ಊರೂರುಗಳಲ್ಲಿ ಹುಡುಗರು ತಾವಾಗಿಯೇ ಸೇರಿದರು. ಒಂದು ಕಂಪನಿ ಎಂದರೆ ಸುಮಾರು ನೂರು ಜನ, ಬಹುಮಟ್ಟಿಗೆ ಒಂದೇ ಕೌಂಟಿಯವರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ). ಅಣ್ಣತಮ್ಮಂದಿರು, ದಾಯಾದಿಗಳು, ಒಂದೇ ಚರ್ಚಿಗೆ ಹೋಗುವವರು, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ತಮ್ಮ ಕ್ಯಾಪ್ಟನ್ ಯಾರು ಎಂದು ಓಟು ಹಾಕಿ ಆರಿಸಿಕೊಂಡವರು. ಹಾಗಾಗಿ ಬಿಡಾರದಲ್ಲೂ ಊರೇ ಇತ್ತು. ಒಬ್ಬ ಹೆದರಿ ಹಿಂದೆ ಸರಿದರೆ ಮುಂದಿನ ವಾರದ ಕಾಗದದಲ್ಲಿ ಅದು ಊರಿಗೆ ತಲುಪುತ್ತಿತ್ತು. ಒಬ್ಬ ಸತ್ತರೆ ಅವನ ತಾಯಿಗೆ ತಿಳಿಸುವ ಕೆಲಸ ಪಕ್ಕದ ಮನೆಯ ಹುಡುಗನಿಗೆ ಬೀಳುತ್ತಿತ್ತು.

ಸಂಬಳ ತಿಂಗಳಿಗೆ 11 ಡಾಲರ್. ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. 1864ರ ಜೂನ್‌ನಲ್ಲಿ 18 ಡಾಲರ್‌ಗೆ ಏರಿಸಿದರು. ಅಷ್ಟರಲ್ಲಿ ಕಾನ್ಫೆಡರೇಟ್ ನೋಟಿಗೆ ಬೆಲೆಯೇ ಉಳಿದಿರಲಿಲ್ಲ. 1865ರ ಆರಂಭದಲ್ಲಿ ಒಂದು ಚಿನ್ನದ ಡಾಲರ್ ಕೊಳ್ಳಲು 50ಕ್ಕೂ ಹೆಚ್ಚು ಕಾಗದದ ಡಾಲರ್ ಬೇಕಾಗುತ್ತಿತ್ತು.

ತಾವಾಗಿಯೇ ಬಂದವರ ಉತ್ಸಾಹ ಒಂದು ವರ್ಷ ನಡೆಯಿತು. 1862ರ ಏಪ್ರಿಲ್ 16ರಂದು ಕಡ್ಡಾಯ ಸೈನ್ಯಭರ್ತಿಯ ಕಾನೂನು ಬಂತು. 18ರಿಂದ 35 ವಯಸ್ಸಿನ ಬಿಳಿಯ ಗಂಡಸರೆಲ್ಲ ಮೂರು ವರ್ಷ ಸೇವೆ ಮಾಡಬೇಕು. ಮೊದಲು ಸೇರಿದವರ ಒಂದು ವರ್ಷದ ಕರಾರೂ ಮೂರು ವರ್ಷವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಯಸ್ಸಿನ ಮಿತಿ 45ಕ್ಕೆ ಏರಿತು. 1864ರಲ್ಲಿ 17ರಿಂದ 50ರವರೆಗೆ ಹರಡಿತು. ಆಗ ಹೊಲ ಉಳುವ ಗಂಡಸು ಊರಿನಲ್ಲಿ ಯಾರು ಉಳಿದರು, ನೀವೇ ಲೆಕ್ಕ ಹಾಕಿ.

ಇನ್ನು ಬಿಡಾರದೊಳಕ್ಕೆ ಹೋಗೋಣ. ಅಲ್ಲಿ ಮೊದಲು ಎದುರಾಗುತ್ತಿದ್ದದ್ದು ಕಾಯಿಲೆ. ಶತ್ರುವಿನ ಗುಂಡು ಬರುವುದಕ್ಕೆ ಬಹಳ ಮುಂಚೆಯೇ ದಡಾರ ಬರುತ್ತಿತ್ತು. ಒಂಟಿ ಮನೆಗಳಲ್ಲಿ ಬೆಳೆದ ಹಳ್ಳಿಯ ಹುಡುಗರಿಗೆ ಚಿಕ್ಕಂದಿನಲ್ಲಿ ದಡಾರ ತಗಲಿರಲಿಲ್ಲ. ಒಂದು ಮೈದಾನದಲ್ಲಿ ಸಾವಿರ ಜನ ಸೇರಿದ ಕೂಡಲೇ ಅದು ಒಂದು ಟೆಂಟಿನಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು. ಹಿಂದೆಯೇ ನ್ಯುಮೋನಿಯ. ಕುಡಿಯುವ ನೀರಿನ ತೊರೆ ಮತ್ತು ಬಹಿರ್ದೆಸೆಯ ಜಾಗ ಎರಡೂ ಅಕ್ಕಪಕ್ಕ ಇದ್ದದ್ದರಿಂದ ಟೈಫಾಯಿಡ್, ಆಮಶಂಕೆ, ಭೇದಿ. ಈ ಯುದ್ಧದಲ್ಲಿ ಎರಡೂ ಕಡೆ ಸತ್ತ ಸೈನಿಕರ ಸಂಖ್ಯೆಯನ್ನು ಹಿಂದಿನಿಂದ 6,20,000 ಎಂದು ಹೇಳುತ್ತ ಬಂದಿದ್ದಾರೆ. ಜನಗಣತಿಯ ಆಧಾರದ ಮೇಲೆ 2011ರಲ್ಲಿ ಮಾಡಿದ ಹೊಸ ಅಂದಾಜು 7,50,000ದ ಆಸುಪಾಸು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸತ್ತದ್ದು ರೋಗದಿಂದ. ರಿಚ್ಮಂಡ್ ನಗರದ ಗುಡ್ಡದ ಮೇಲೆ 1861ರ ಅಕ್ಟೋಬರ್‌ನಲ್ಲಿ ತೆರೆದ ಚಿಂಬೊರಾಜೊ ಆಸ್ಪತ್ರೆಯೊಂದೇ ಯುದ್ಧ ಮುಗಿಯುವುದರೊಳಗೆ 75,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿತು. ಅಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ರೋಗಿಗಳ ಶುಶ್ರೂಷೆ ಮಾಡಿದವರಲ್ಲಿ ಬಹಳ ಮಂದಿ ಯಜಮಾನರಿಂದ ಬಾಡಿಗೆಗೆ ತಂದ ಗುಲಾಮರು.

ಬದುಕಿ ಉಳಿದವನ ದಿನ ಬೆಳಗಿನ ಕಹಳೆಯಿಂದ ಶುರು. ಹಾಜರಿ, ಡ್ರಿಲ್, ಸೌದೆ, ನೀರು, ಕಾವಲು, ಮತ್ತೆ ಡ್ರಿಲ್. ಈ ಬೇಸರದ ಬಗ್ಗೆ ಸಿಪಾಯಿಗಳು ಬರೆದಷ್ಟು ಯುದ್ಧದ ಬಗ್ಗೆ ಬರೆಯಲಿಲ್ಲ. ಯುದ್ಧ ನಡೆದದ್ದು ವರ್ಷದಲ್ಲಿ ಕೆಲವೇ ದಿನ, ಬಿಡಾರದಲ್ಲಿ ಕೂತದ್ದು ತಿಂಗಳುಗಟ್ಟಲೆ. ಚಳಿಗಾಲ ಬಂದಾಗ ಸೈನ್ಯ ಒಂದು ಕಡೆ ನೆಲೆ ನಿಲ್ಲುತ್ತಿತ್ತು. ಆಗ ಕಾಡು ಕಡಿದು ಮರದ ದಿಮ್ಮಿಗಳ ಪುಟ್ಟ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ದಿಮ್ಮಿಗಳ ಸಂದಿಗೆ ಮಣ್ಣು ಮೆತ್ತಿ, ಕಡ್ಡಿ ಮತ್ತು ಕೆಸರಿನಿಂದ ಹೊಗೆಗೂಡು ಎಬ್ಬಿಸಿ, ಮೇಲೆ ಟೆಂಟಿನ ಬಟ್ಟೆಯನ್ನೋ ಹಲಗೆಯನ್ನೋ ಹೊದಿಸಿ ನಾಲ್ಕಾರು ಜನ ಒಳಗೆ ಮಲಗುತ್ತಿದ್ದರು. ಒಟ್ಟಿಗೆ ಉಣ್ಣುವ ಇಂಥ ಗುಂಪಿಗೆ ಮೆಸ್ ಎನ್ನುತ್ತಿದ್ದರು. ಆ ಗುಂಪೇ ಅವನ ಎರಡನೆಯ ಸಂಸಾರ.

ಅವರು ತಿಂದದ್ದು ಏನು? ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟು ಮತ್ತು ಉಪ್ಪು ಹಚ್ಚಿದ ಹಂದಿಮಾಂಸ. ಪಾತ್ರೆ ಇಲ್ಲದಾಗ ಹಿಟ್ಟನ್ನು ನಾದಿ, ಬಂದೂಕಿಗೆ ಮದ್ದು ಜಡಿಯುವ ಕಬ್ಬಿಣದ ಸಲಾಕೆಗೆ ಸುತ್ತಿ ಬೆಂಕಿಯ ಮೇಲೆ ತಿರುಗಿಸಿ ಸುಡುತ್ತಿದ್ದರು. ಹಂದಿಯ ಕೊಬ್ಬು ಕರಗಿಸಿ, ಉಳಿದ ದನದ ಮಾಂಸದ ಚೂರು ಹಾಕಿ, ನೀರು ಹೊಯ್ದು, ಹಳಸಲು ಜೋಳದ ರೊಟ್ಟಿ ಪುಡಿಮಾಡಿ ಸೇರಿಸಿ ನೀರು ಇಂಗುವವರೆಗೆ ಬೇಯಿಸಿದರೆ ಅದು 'ಕುಶ್'. ಶತ್ರುಗಳಾದ ಉತ್ತರದವರ, ಅಂದರೆ ಒಕ್ಕೂಟದಲ್ಲೇ ಉಳಿದವರ, ನೌಕಾಪಡೆ ಬಂದರುಗಳನ್ನು ಮುಚ್ಚಿದ್ದರಿಂದ ಕಾಫಿ ಬರಲಿಲ್ಲ. ಹುರಿದ ಜೋಳ, ರೈ, ಗೆಣಸು, ಬೆಂಡೆಬೀಜ ಎಲ್ಲವನ್ನೂ ಕುದಿಸಿ ಕಾಫಿ ಎಂದು ಕುಡಿದರು. 1863ರ ಮಾರ್ಚ್ ಕೊನೆಯಲ್ಲಿ ದಕ್ಷಿಣದವರ ಸೇನಾಪತಿ ಜನರಲ್ ರಾಬರ್ಟ್ ಲೀ ಯುದ್ಧ ಸಚಿವನಿಗೆ ಬರೆದ ಪತ್ರವೊಂದಿದೆ. ತನ್ನ ಸೈನಿಕನಿಗೆ ದಿನಕ್ಕೆ ಸಿಗುತ್ತಿರುವುದು 18 ಔನ್ಸ್ ಹಿಟ್ಟು, ನಾಲ್ಕು ಔನ್ಸ್ ಮಾಂಸ, ಆ ಮಾಂಸವೂ ಚೆನ್ನಾಗಿಲ್ಲ ಎನ್ನುತ್ತಾನೆ. ತರಕಾರಿ ಇಲ್ಲದೆ ಸ್ಕರ್ವಿ ಕಾಣಿಸಿಕೊಳ್ಳುತ್ತಿದ್ದುದರಿಂದ ಪ್ರತಿ ರೆಜಿಮೆಂಟ್‌ನಿಂದ ಒಂದು ತಂಡ ಹೋಗಿ ಸಸಾಫ್ರಾಸ್ ಮರದ ಮೊಗ್ಗು, ಕಾಡು ಈರುಳ್ಳಿ, ಬೆಳ್ಳುಳ್ಳಿ, ನಮ್ಮ ಚಕ್ಕೋತ ಸೊಪ್ಪಿನ ಜಾತಿಯದೇ ಆದ ಒಂದು ಸೊಪ್ಪು ಇವನ್ನು ಕಿತ್ತು ತರುತ್ತಿತ್ತು. ಆ ಸೈನ್ಯ ಆಗಷ್ಟೇ ಫ್ರೆಡ್ರಿಕ್ಸ್‌ಬರ್ಗ್‌ನಲ್ಲಿ ದೊಡ್ಡ ಗೆಲುವು ಕಂಡಿತ್ತು ಎಂಬುದು ನೆನಪಿರಲಿ.

ಅದೇ ಚಳಿಗಾಲ ರಾಪಹಾನಕ್ ನದಿಯ ಈ ದಡದಲ್ಲಿ ದಕ್ಷಿಣದವರು, ಆ ದಡದಲ್ಲಿ ಉತ್ತರದವರು. ಇವರ ಬಳಿ ಹೊಗೆಸೊಪ್ಪು ಬೇಕಾದಷ್ಟು, ಅವರ ಬಳಿ ಕಾಫಿ. ಹಲಗೆಯಿಂದ ಆಟದ ದೋಣಿ ಮಾಡಿ, ಹಾಯಿ ಕಟ್ಟಿ, ಹೊಗೆಸೊಪ್ಪು ತುಂಬಿ ತೇಲಿಬಿಡುತ್ತಿದ್ದರು. ಅದೇ ದೋಣಿ ಕಾಫಿಪುಡಿ ಮತ್ತು ದಿನಪತ್ರಿಕೆ ಹೊತ್ತು ವಾಪಸ್ ಬರುತ್ತಿತ್ತು. ಅಧಿಕಾರಿಗಳು ಎಷ್ಟು ಬೈದರೂ ಈ ವ್ಯಾಪಾರ ನಿಲ್ಲಲಿಲ್ಲ.

ಆಟಪಾಟವೂ ಇತ್ತು. ಇಸ್ಪೀಟು, ಪಿಟೀಲು, ಕುಸ್ತಿ. 1864ರ ಮಾರ್ಚ್ 22ರಂದು ಜಾರ್ಜಿಯಾದ ಡಾಲ್ಟನ್‌ನಲ್ಲಿ ಹಿಮ ಬಿತ್ತು. ಅಲ್ಲಿ ಬಿಡಾರ ಹೂಡಿದ್ದ ಸೈನ್ಯ ಬ್ರಿಗೇಡು ಬ್ರಿಗೇಡುಗಳಾಗಿ, ಬಾವುಟ ಹಿಡಿದು, ಹಿಮದುಂಡೆಗಳ ಯುದ್ಧ ಮಾಡಿತು. ಸಾವಿರಾರು ಜನ ಸೇರಿದ್ದರು. ಹಿಮವನ್ನೇ ಸರಿಯಾಗಿ ಕಾಣದ ನಾಡಿನ ಹುಡುಗರು ಅವರಲ್ಲಿ ಬಹಳ ಮಂದಿ. ಅದಾದ ಎರಡು ತಿಂಗಳೊಳಗೆ ಅಟ್ಲಾಂಟಾ ದಾರಿಯ ಕದನಗಳು ಶುರುವಾದವು. ಅದೇ ಡಾಲ್ಟನ್ ಬಿಡಾರದಲ್ಲಿ ಆ ಚಳಿಗಾಲ ದೇವರ ಪ್ರಾರ್ಥನೆಯ ದೊಡ್ಡ ಅಲೆಯೂ ಎದ್ದಿತ್ತು. ಸಿಪಾಯಿಗಳು ತಾವೇ ಮರದ ಚಾಪೆಲ್ ಕಟ್ಟಿ ರಾತ್ರಿಯೆಲ್ಲ ಹಾಡಿ ಪ್ರಾರ್ಥಿಸಿದರು, ದೀಕ್ಷಾಸ್ನಾನ ಪಡೆದರು. ಸಾವು ದಿನವೂ ಕಣ್ಣ ಮುಂದಿದ್ದಾಗ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಈಗ ಕಾಗದದ ವಿಷಯ. ನಮ್ಮ ಹಿರಿಯರು ಕಾಗದ ಬರೆಯುವಾಗ 'ಕ್ಷೇಮ, ಉಭಯಕುಶಲೋಪರಿ' ಎಂದು ಶುರು ಮಾಡುತ್ತಿದ್ದರಲ್ಲ, ಹಾಗೆ ಈ ಸಿಪಾಯಿಗಳಿಗೂ ಒಂದು ಕಟ್ಟಿಟ್ಟ ಸಾಲಿತ್ತು. ನಾನು ಚೆನ್ನಾಗಿದ್ದೇನೆಂದು ತಿಳಿಸಲು ಲೇಖನಿ ಹಿಡಿದಿದ್ದೇನೆ, ಈ ನಾಲ್ಕು ಸಾಲು ಮುಟ್ಟುವಾಗ ನೀವೂ ಹಾಗೇ ಇರಲಿ ಎಂಬ ಧಾಟಿ. ಭೇದಿಯಿಂದ ನೆಲ ಹಿಡಿದವನೂ ಆ ಸಾಲನ್ನೇ ಬರೆದು ಆಮೇಲೆ ಕಾಯಿಲೆಯ ಕಥೆ ಹೇಳುತ್ತಿದ್ದ. ಬಹುಪಾಲು ಸಿಪಾಯಿಗಳಿಗೆ ಓದುಬರಹ ಬರುತ್ತಿತ್ತು. ಬಾರದವನು ಗೆಳೆಯನ ಕೈಯಲ್ಲಿ ಬರೆಸುತ್ತಿದ್ದ. ಕಾಗುಣಿತ ಬಾಯಲ್ಲಿ ಆಡಿದ ಹಾಗೆ. ಕಾಗದಗಳನ್ನು ಅಧಿಕಾರಿಗಳು ಒಡೆದು ಓದುವ ಕ್ರಮ ಆ ಸೈನ್ಯದಲ್ಲಿ ಇರಲಿಲ್ಲ. ಹಾಗಾಗಿ ಮನಸ್ಸಿನಲ್ಲಿ ಇದ್ದದ್ದೆಲ್ಲ ಬಂತು. ಇತಿಹಾಸಕಾರರಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ.

ಬರೆಯಲು ಕಾಗದ ಸಿಗುವುದೂ ದಿನ ಕಳೆದಂತೆ ಕಷ್ಟವಾಯಿತು. ಬಂದ ಲಕೋಟೆಯನ್ನೇ ಬಿಚ್ಚಿ, ಒಳಮೈ ಹೊರಕ್ಕೆ ತಿರುಗಿಸಿ, ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಗೋಡೆಗೆ ಹಚ್ಚುವ ಹೂಬಳ್ಳಿಯ ಕಾಗದ ಕತ್ತರಿಸಿ ಲಕೋಟೆ ಮಾಡಿದರು. ಕಾಡುಹಣ್ಣಿನ ರಸ ಶಾಯಿಯಾಯಿತು. ಒಂದು ಹಾಳೆಯ ತುಂಬ ಬರೆದು ಮುಗಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ ಆ ಸಾಲುಗಳ ಮೇಲೆಯೇ ಮತ್ತೊಂದು ಕಾಗದ ಬರೆದದ್ದಿದೆ. ಅಂಚೆ ಇಲಾಖೆಗೂ ಗಂಡಾಂತರ. ತನ್ನ ಖರ್ಚನ್ನು 1863ರ ಮಾರ್ಚ್‌ನಿಂದ ಇಲಾಖೆ ತಾನೇ ದುಡಿದುಕೊಳ್ಳಬೇಕು ಎಂದು ಸಂವಿಧಾನದಲ್ಲೇ ಬರೆದಿದ್ದರು. ಅಂಚೆ ಮುಖ್ಯಸ್ಥ ಜಾನ್ ರೇಗನ್ ಇದನ್ನು ಸಾಧಿಸಿದ, ಆದರೆ ಜನರಿಗೆ ಸಿಕ್ಕಿದ ಸೇವೆ ಅಷ್ಟಕ್ಕಷ್ಟೇ. 1863ರ ಜುಲೈ 4ರಂದು ವಿಕ್ಸ್‌ಬರ್ಗ್ ಬಿದ್ದ ಮೇಲೆ ಮಿಸಿಸಿಪ್ಪಿ ನದಿ ಪೂರ್ತಿ ಉತ್ತರದವರ ಕೈ ಸೇರಿತು. ಟೆಕ್ಸಾಸಿನ ಕಡೆಗೆ ಕಾಗದ ದಾಟಿಸಲು 40 ಸೆಂಟಿನ ವಿಶೇಷ ವ್ಯವಸ್ಥೆ ಮಾಡಬೇಕಾಯಿತು. ಆದ್ದರಿಂದ ಸಿಪಾಯಿಗೆ ಅಂಚೆಗಿಂತ ನಂಬಿಕೆ, ರಜೆಯ ಮೇಲೆ ಊರಿಗೆ ಹೊರಟ ಸ್ನೇಹಿತನ ಮೇಲೆ. ಅವನ ಜೇಬಿನಲ್ಲಿ ಇಡೀ ಕಂಪನಿಯ ಕಾಗದ. ವಾಪಸ್ ಬರುವಾಗ ಕಾಲುಚೀಲ, ಅಂಗಿ, ಹಂದಿಮಾಂಸ, ಒಣಹಣ್ಣು, ಸಾಬೂನು ತುಂಬಿದ ಪೆಟ್ಟಿಗೆಗಳು.

ಜಾರ್ಜಿಯಾದ 45ನೇ ರೆಜಿಮೆಂಟಿನ ಮೇರಿಯನ್ ಹಿಲ್ ಫಿಟ್ಸ್‌ಪ್ಯಾಟ್ರಿಕ್ ಎಂಬವನು 1862ರಲ್ಲಿ ಸೇರಿ, ಹೆಂಡತಿ ಅಮಾಂಡಾಗೆ ನೂರಕ್ಕೂ ಹೆಚ್ಚು ಕಾಗದ ಬರೆದ. ಅವು ಉಳಿದಿವೆ. ಆ ಥರದ ಕಾಗದಗಳನ್ನು ಸಾಲಾಗಿ ಓದುತ್ತ ಹೋದರೆ ಮೊದಲು ಗಮನಕ್ಕೆ ಬರುವುದು, ಊರಿನಲ್ಲಿ ಎಂದೂ ಒಲೆ ಮುಟ್ಟದ, ಸೂಜಿ ಹಿಡಿಯದ ಗಂಡಸರು ಅಡುಗೆ, ಹೊಲಿಗೆ, ಬಟ್ಟೆ ಒಗೆಯುವುದು ಇವನ್ನೆಲ್ಲ ಕಲಿತು ಹೆಂಡತಿಗೆ ವಿವರವಾಗಿ ಹೇಳಿಕೊಳ್ಳುವ ರೀತಿ. ಅದೇ ಹೊತ್ತಿಗೆ ಹೆಂಡತಿ ಅಲ್ಲಿ ಗಂಡಸಿನ ಕೆಲಸ ಕಲಿಯುತ್ತಿದ್ದಾಳೆ. ಮೊದಲ ವರ್ಷದ ಕಾಗದಗಳಲ್ಲಿ ಅಪ್ಪಣೆಗಳು: ಗೋಧಿ ಇಂಥ ಹೊತ್ತಿಗೆ ಬಿತ್ತು, ಹಂದಿಗೆ ಇಷ್ಟು ಜೋಳ ಹಾಕು, ಇಂಥವನ ಸಾಲ ತೀರಿಸು, ಉಪ್ಪು ಸಿಕ್ಕಿದ ಕಡೆ ಕೊಂಡಿಟ್ಟುಕೋ. ಕಾಗದ ತಲುಪುವಷ್ಟರಲ್ಲಿ ಬಿತ್ತನೆಯ ಕಾಲವೇ ಮುಗಿದಿರುತ್ತಿತ್ತು. ಎರಡನೆಯ, ಮೂರನೆಯ ವರ್ಷಕ್ಕೆ ಧಾಟಿ ಬದಲಾಗುತ್ತದೆ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು, ನನಗಿಂತ ನಿನಗೇ ಚೆನ್ನಾಗಿ ಗೊತ್ತು ಎನ್ನುತ್ತಾರೆ. ನೂರಾರು ಮೈಲಿ ದೂರದಿಂದ ಮನೆ ನಡೆಸಲು ಹೊರಟವರು ಕೊನೆಗೆ ಆ ಮನೆಯನ್ನು ಹೆಂಡತಿಯ ಕೈಗೆ ಒಪ್ಪಿಸಿದ ಕಥೆ ಇದು. ನನಗೆ ಈ ಕಾಗದಗಳಲ್ಲಿ ಎಲ್ಲಕ್ಕಿಂತ ಹೃದಯಕ್ಕೆ ಹತ್ತಿರವಾದ ಭಾಗ ಇದೇ.

ಈ ಹಂತದಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು. 'ಇಷ್ಟೊಂದು ಬಡವ ಸಿಪಾಯಿಗೆ ಗುಲಾಮರೇ ಇರಲಿಲ್ಲವಲ್ಲ ಸರ್, ಮತ್ತೆ ಗುಲಾಮಗಿರಿಗಾಗಿ ಅವನು ಯಾಕೆ ಹೋರಾಡಿದ? ಅವನು ತನ್ನ ಮನೆಗಾಗಿ ಹೋರಾಡಿದ ಎನ್ನಬಾರದೇ?'

ತುಂಬ ಮುಖ್ಯವಾದ ಪ್ರಶ್ನೆ. ಯುದ್ಧ ಮುಗಿದ ಮೇಲೆ ದಕ್ಷಿಣದಲ್ಲಿ ಎರಡು ತಲೆಮಾರು ಇದನ್ನೇ ಉತ್ತರವೆಂದು ಕಲಿಸಿದರು, ಪ್ರತಿಮೆ ನಿಲ್ಲಿಸಿದರು. ಅದಕ್ಕೆ ನಾನು ಹೇಳುವುದಿಷ್ಟು. ಬೇರೆಯಾದ ಹನ್ನೊಂದು ರಾಜ್ಯಗಳಲ್ಲಿ ಸುಮಾರು 90 ಲಕ್ಷ ಜನ, ಅವರಲ್ಲಿ ಸುಮಾರು 35 ಲಕ್ಷ ಗುಲಾಮರು. ಬಿಳಿಯರ ಕುಟುಂಬಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳು ಗುಲಾಮರನ್ನು ಹೊಂದಿದ್ದವು. ಇಲ್ಲದವನೂ ಸುಗ್ಗಿಯಲ್ಲಿ ಬಾಡಿಗೆಗೆ ತರುತ್ತಿದ್ದ, ಅವರ ಮಾಲೀಕನ ಬಳಿ ಸಾಲ ಮಾಡುತ್ತಿದ್ದ, ಹತ್ತು ವರ್ಷದಲ್ಲಿ ತಾನೂ ಒಬ್ಬರನ್ನು ಕೊಳ್ಳುವ ಆಸೆ ಇಟ್ಟುಕೊಂಡಿದ್ದ. ಎಷ್ಟೇ ಬಡವನಾದರೂ ತನಗಿಂತ ಕೆಳಗೆ ಒಂದು ಜನಾಂಗ ಕಾನೂನಿನ ಪ್ರಕಾರ ಇದೆ ಎಂಬ ಭರವಸೆ ಅವನಿಗಿತ್ತು. ಕಾನ್ಫೆಡರೇಟ್ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾಡಿದ ಭಾಷಣದಲ್ಲಿ, ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ ಎನ್ನುವುದೇ ಈ ಹೊಸ ಸರ್ಕಾರದ ಮೂಲೆಗಲ್ಲು ಎಂದು ಬಾಯಿಬಿಟ್ಟು ಹೇಳಿದ. ಸಿಪಾಯಿ ತನ್ನ ಮನೆಗಾಗಿ ಹೋರಾಡಿದ, ಸರಿ. ಆ ಮನೆಯ ಸುತ್ತಲಿನ ವ್ಯವಸ್ಥೆ ಅದಾಗಿತ್ತು. ಎರಡನ್ನೂ ಬಿಡಿಸಿ ಬೇರೆ ಮಾಡಲು ಬರುವುದಿಲ್ಲ.

ಬಿಡಾರದಲ್ಲೇ ನೋಡಿ. ಅಧಿಕಾರಿಗಳ ಟೆಂಟಿನ ಹಿಂದೆ, ಸ್ಥಿತಿವಂತ ಮನೆಯ ಕೆಲವು ಸಿಪಾಯಿಗಳ ಜೊತೆಗೂ, ಊರಿನಿಂದ ಕರೆತಂದ ಗುಲಾಮ ಇರುತ್ತಿದ್ದ. ಬೆಂಕಿ ಹೊತ್ತಿಸುವವನು ಅವನು, ಅಡುಗೆ ಅವನದು, ಕುದುರೆ ನೋಡಿಕೊಳ್ಳುವವನು, ಕಾಯಿಲೆಯಾದರೆ ಪಕ್ಕದಲ್ಲಿ ಕೂರುವವನು. ಯಜಮಾನ ಸತ್ತರೆ ಹೆಣವನ್ನು ಊರಿಗೆ ಸಾಗಿಸಿದವರೂ ಇದ್ದಾರೆ. ಊರಿಗೆ ಕಾಗದ, ಪೆಟ್ಟಿಗೆ ಒಯ್ಯಲು ಅವನನ್ನೇ ಕಳಿಸುತ್ತಿದ್ದುದುಂಟು. 1830ರ ದಶಕದಿಂದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದು ಶಿಕ್ಷೆಗೆ ಗುರಿಯಾಗುವ ಅಪರಾಧವಾಗಿತ್ತು. ಅಂದರೆ ತನಗೆ ಓದಲು ಬಿಡದ ಕಾಗದವನ್ನು ಆ ಮನುಷ್ಯ ನೂರು ಮೈಲಿ ಹೊತ್ತು ನಡೆಯುತ್ತಿದ್ದ. ಅವನಿಗೂ ಊರಿನಲ್ಲಿ ಹೆಂಡತಿ ಮಕ್ಕಳಿದ್ದರು. ಯಜಮಾನ ತನ್ನ ಕಾಗದದ ಕೊನೆಯಲ್ಲಿ 'ಇಂಥವನು ತನ್ನವರಿಗೆ ನಮಸ್ಕಾರ ಹೇಳಿದ್ದಾನೆ' ಎಂದು ಒಂದು ಸಾಲು ಸೇರಿಸಿದರೆ ಅಷ್ಟೇ ಅವನ ಭಾಗ್ಯ. ಅಂಥ ಒಂದೊಂದು ಸಾಲು ಕಂಡಾಗ ನಾನು ಅಲ್ಲೇ ನಿಲ್ಲುತ್ತೇನೆ. ಅವಕಾಶ ಸಿಕ್ಕಾಗ ಇಂಥವರಲ್ಲಿ ಎಷ್ಟೋ ಮಂದಿ ರಾತ್ರೋರಾತ್ರಿ ಉತ್ತರದವರ ಕಡೆಗೆ ಓಡಿದರು. 1863ರ ಜೂನ್‌ನಲ್ಲಿ ಗೆಟಿಸ್‌ಬರ್ಗ್ ಕಡೆಗೆ ನುಗ್ಗಿದ ಲೀಯ ಸೈನ್ಯ ಪೆನ್ಸಿಲ್ವೇನಿಯಾದ ಊರುಗಳಲ್ಲಿ ಕರಿಯರನ್ನು, ಹುಟ್ಟಿನಿಂದ ಸ್ವತಂತ್ರರಾಗಿದ್ದವರನ್ನೂ ಬಿಡದೆ, ಹಿಡಿದು ದಕ್ಷಿಣಕ್ಕೆ ಕಳಿಸಿತು. ಮನೆಯಿಂದ ದೂರವಾದ ನೋವನ್ನು ಅಷ್ಟು ಚೆನ್ನಾಗಿ ಬರೆದ ಕೈಗಳೇ ಇದನ್ನೂ ಮಾಡಿದವು.

ಇಲ್ಲಿ ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ಮಾತು. ಆ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಲಾಂಕಶೈರ್ ಗಿರಣಿಗಳಿಗೆ ಹೋಗುತ್ತಿತ್ತು. ಬಂದರು ಮುಚ್ಚಿದಾಗ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿದ್ದರು; ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಅದರ ಬೆಲೆ ಗಗನಕ್ಕೇರಿತು. ಆ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಏರಿಸುವ ಉತ್ಸಾಹದಲ್ಲಿ ಘಟ್ಟದ ರಸ್ತೆಗಳ ಕೆಲಸ ನಡೆಯಿತು, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಹತ್ತಿ ನಂಬಿ ಸಾಲ ಮಾಡಿದವರು ಇಲ್ಲಿಯೂ ಮುಳುಗಿದರು.

ಮತ್ತೆ ಆ ಸಿಪಾಯಿಯ ಊರಿಗೆ ಬರೋಣ. 1862ರ ಅಕ್ಟೋಬರ್‌ನಲ್ಲಿ ಕಡ್ಡಾಯ ಭರ್ತಿಯ ಕಾನೂನಿಗೆ ಒಂದು ತಿದ್ದುಪಡಿ ಬಂತು. ಇಪ್ಪತ್ತು ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯ ಗಂಡಸಿಗೆ ಸೈನ್ಯದಿಂದ ವಿನಾಯಿತಿ. ಬಡ ಸಿಪಾಯಿಗಳ ಹೊಟ್ಟೆ ಉರಿದುಹೋಯಿತು. ಸಿರಿವಂತರ ಯುದ್ಧ, ಬಡವರ ಹೊಡೆದಾಟ ಎಂಬ ಮಾತು ಬಿಡಾರದಿಂದ ಬಿಡಾರಕ್ಕೆ ಹರಡಿತು. ಆ ವರ್ಷವೇ ಹಲವು ಕಡೆ ಬರ ಬಂದು ಜೋಳ ಒಣಗಿತು. ಉಪ್ಪಿಲ್ಲದೆ ಮಾಂಸ ಕೆಡದಂತೆ ಇಡಲಾಗಲಿಲ್ಲ. 1863ರ ಮಾರ್ಚ್‌ನಲ್ಲಿ ಸೈನ್ಯಕ್ಕೆ ಬೇಕಾದ ಧಾನ್ಯ, ದನ, ಕುದುರೆಯನ್ನು ಸರ್ಕಾರ ಗೊತ್ತುಮಾಡಿದ ಬೆಲೆಗೆ ಎತ್ತಿಕೊಂಡು ಹೋಗಬಹುದೆಂಬ ಕಾನೂನು, ಏಪ್ರಿಲ್‌ನಲ್ಲಿ ಬೆಳೆಯ ಹತ್ತನೇ ಒಂದು ಪಾಲು ತೆರಿಗೆ. ಗಂಡ ಸೈನ್ಯದಲ್ಲಿ, ಎತ್ತು ಸೈನ್ಯಕ್ಕೆ, ಬೆಳೆ ಸೈನ್ಯಕ್ಕೆ. 1863ರ ಏಪ್ರಿಲ್ 2ರಂದು ರಾಜಧಾನಿ ರಿಚ್ಮಂಡ್‌ನಲ್ಲೇ ಹೆಂಗಸರು ಕೊಡಲಿ, ಚಾಕು ಹಿಡಿದು ಬೀದಿಗಿಳಿದು ಅಂಗಡಿಗಳಿಂದ ರೊಟ್ಟಿ, ಹಿಟ್ಟು, ಮಾಂಸ ಹೊತ್ತುಕೊಂಡು ಹೋದರು. ಅಧ್ಯಕ್ಷ ಜೆಫರ್ಸನ್ ಡೇವಿಸ್ ತಾನೇ ಬಂದು, ಚದುರದಿದ್ದರೆ ಗುಂಡು ಹಾರಿಸಲಾಗುವುದು ಎಂದು ಎಚ್ಚರಿಸಬೇಕಾಯಿತು.

ಈ ಹಸಿವು ಕಾಗದಗಳಲ್ಲಿ ಬಿಡಾರಕ್ಕೆ ಬಂತು. ಮಕ್ಕಳು ಅಳುತ್ತವೆ, ಮನೆಯಲ್ಲಿ ಏನೂ ಇಲ್ಲ, ಸಾಧ್ಯವಾದರೆ ಬಾ. ಹೆಂಗಸರು ಗಂಡನಿಗೆ ಮಾತ್ರ ಬರೆದು ಸುಮ್ಮನಾಗಲಿಲ್ಲ, ರಾಜ್ಯಪಾಲರಿಗೂ ಬರೆದರು. ಉತ್ತರ ಕೆರೊಲಿನಾದ ರಾಜ್ಯಪಾಲ ಜೆಬುಲನ್ ವಾನ್ಸ್‌ಗೆ ಬಂದ ಇಂಥ ಅರ್ಜಿಗಳು ಕಟ್ಟುಗಟ್ಟಲೆ ಇವೆ. ಬಿತ್ತನೆಗಾದರೂ ನನ್ನ ಗಂಡನನ್ನು ಕಳಿಸಿಕೊಡಿ ಎಂದು. ರಜೆ ಸಿಗುವುದು ದುರ್ಲಭ. ಹಾಗಾಗಿ ಸಿಪಾಯಿ ಹೇಳದೆ ಹೊರಟ. ಕೆಲವರು ನೆಲ ಉತ್ತು, ಬಿತ್ತಿ, ಸೌದೆ ಒಡೆದಿಟ್ಟು ತಾವಾಗಿಯೇ ವಾಪಸ್ ಬಂದರು. ಅನೇಕರು ಬರಲಿಲ್ಲ. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಇಡೀ ಬ್ರಿಗೇಡನ್ನು ಸಾಲು ನಿಲ್ಲಿಸಿ, ಅವರದೇ ಊರಿನವರ ಕಣ್ಣೆದುರು ಗುಂಡಿಟ್ಟು ಕೊಂದರು. ಯುದ್ಧ ಮುಗಿಯುವುದರೊಳಗೆ ಹೀಗೆ ಸೈನ್ಯ ಬಿಟ್ಟವರು ಒಂದು ಲಕ್ಷದ ಆಸುಪಾಸು ಎಂದು ಅಂದಾಜು.

ಕೊನೆಯ ಚಳಿಗಾಲ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನ ಕಂದಕಗಳಲ್ಲಿ ಕೂತಿದ್ದ ಜಾರ್ಜಿಯಾದ ಸಿಪಾಯಿಗಳನ್ನು ನೆನೆಯಿರಿ. 1864ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಬಿತ್ತು. ನವೆಂಬರ್‌ನಲ್ಲಿ ಹೊರಟ ಉತ್ತರದವರ ಜನರಲ್ ಶೆರ್ಮನ್ ಕಣಜ, ರೈಲುಹಳಿ, ಗಿರಣಿಗಳನ್ನು ನಾಶ ಮಾಡುತ್ತ ಡಿಸೆಂಬರ್ 21ಕ್ಕೆ ಸವಾನಾ ಸೇರಿದ. ಇವರು ವರ್ಜೀನಿಯಾ ಕಾಯುತ್ತಿದ್ದಾರೆ, ಅಲ್ಲಿ ಜಾರ್ಜಿಯಾದಲ್ಲಿ ಇವರ ಮನೆಯೇ ಶೆರ್ಮನ್‌ನ ದಾರಿಯಲ್ಲಿದೆ. 1865ರ ಫೆಬ್ರವರಿ 24ರಂದು ಲೀ ರಾಜ್ಯಪಾಲ ವಾನ್ಸ್‌ಗೆ ಬರೆದ ಪತ್ರದಲ್ಲಿ, ಸೈನ್ಯ ಬಿಟ್ಟು ಓಡುವವರು ಹೆಚ್ಚುತ್ತಿದ್ದಾರೆ, ಅದಕ್ಕೆ ಬಹುಮಟ್ಟಿಗೆ ಕಾರಣ ಊರಿನವರು ಅವರಿಗೆ ಬರೆಯುವ ಕಾಗದಗಳು ಎನ್ನುತ್ತಾನೆ. ನಾಲ್ಕು ವರ್ಷ ಸೈನಿಕನ ಎದೆಗಟ್ಟಿ ಉಳಿಸಿದ್ದು ಯಾವ ಕಾಗದವೋ ಅದೇ ಈಗ ಸೈನ್ಯವನ್ನು ಕರಗಿಸುತ್ತಿತ್ತು. ಸೇನಾಪತಿಯ ಪತ್ರದಲ್ಲಿ ಅದು ದೂರು. ನನ್ನ ಮಟ್ಟಿಗೆ ಆ ಹೆಂಗಸರು ಬರೆದದ್ದು ಸತ್ಯ, ಆ ಗಂಡಸರು ಮಾಡಿದ್ದು ಕರ್ತವ್ಯ.

ಇನ್ನೊಂದು ಬಗೆಯ ಕಾಗದವಿದೆ. 1864ರ ಮೇ 10ರಂದು ಸ್ಪಾಟ್ಸಿಲ್ವೇನಿಯಾ ಬಳಿ ಗಾಯಗೊಂಡ ಮಿಸಿಸಿಪ್ಪಿಯ ಜೇಮ್ಸ್ ರಾಬರ್ಟ್ ಮಾಂಟ್ಗಮರಿ ತಂದೆಗೆ ಬರೆದ. ಹೆಗಲ ಮೂಳೆ ಒಡೆದಿತ್ತು. ಇದು ನಿಮಗೆ ನನ್ನ ಕೊನೆಯ ಕಾಗದ ಎಂದು ಶುರು ಮಾಡಿ, ಸಾಯುವ ಮಗನಿಂದ ಒಂದು ಮಾತು ನಿಮಗೆ ಬೇಕಾದೀತೆಂದು ಬರೆಯುತ್ತಿದ್ದೇನೆ ಎನ್ನುತ್ತಾನೆ. ಹಾಳೆಯ ಮೇಲೆ ರಕ್ತದ ಕಲೆಗಳು ಇಂದಿಗೂ ಇವೆ. ನಾಲ್ಕು ದಿನದ ಮೇಲೆ ತೀರಿಕೊಂಡ. ಗೆಳೆಯನೊಬ್ಬ ಮನೆಯವರಿಗೆ ಕೊನೆಯ ಗಳಿಗೆಗಳನ್ನು ವಿವರಿಸಿ ಬರೆದ. ಹಾಗೆ ಬರೆಯುವುದು ಬದುಕಿದವರ ಮೇಲಿನ ಋಣವಾಗಿತ್ತು: ನೋವು ಎಷ್ಟಿತ್ತು, ಏನು ಮಾತಾಡಿದ, ದೇವರನ್ನು ನೆನೆದನೇ, ಎಲ್ಲಿ ಹೂಳಿದೆವು. ಮನೆಯಲ್ಲಿ ಮಂಚದ ಸುತ್ತ ನಿಂತು ನೋಡಬೇಕಾದ ಸಾವನ್ನು ಕಾಗದದಲ್ಲಿ ಕಟ್ಟಿಕೊಡುವ ಪ್ರಯತ್ನ ಅದು.

ಫಿಟ್ಸ್‌ಪ್ಯಾಟ್ರಿಕ್ ಮೂರು ವರ್ಷ ಬದುಕಿ ಉಳಿದ. 1865ರ ಏಪ್ರಿಲ್ 2ರಂದು ಪೀಟರ್ಸ್‌ಬರ್ಗ್ ಕೈಬಿಟ್ಟ ದಿನ ಗಾಯಗೊಂಡು, ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಸತ್ತ. ಅಮಾಂಡಾಗೆ ಅದನ್ನು ತಿಳಿಸಿ ಜೊತೆಯ ಸೈನಿಕನೊಬ್ಬ ಕಾಗದ ಬರೆದದ್ದು ಜೂನ್‌ನಲ್ಲಿ. ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದ. ಸ್ವಂತ ಕುದುರೆ, ಹೇಸರಗತ್ತೆ ಇದ್ದವರು ವಸಂತದ ಬಿತ್ತನೆ ಮಾಡಿಕೊಳ್ಳಲಿ ಎಂದು ಉತ್ತರದವರ ಸೇನಾಪತಿ ಜನರಲ್ ಗ್ರಾಂಟ್ ಅವನ್ನು ಅವರಿಗೇ ಬಿಟ್ಟ, ಊಟಕ್ಕೆ 25,000 ಜನರ ರೇಷನ್ ಕೊಡಿಸಿದ. ಸಿಪಾಯಿಗಳು ನಡೆದುಕೊಂಡೇ ಊರಿಗೆ ಹೋದರು.

ಆದರೆ ಇಷ್ಟಕ್ಕೆ ಮಾತು ನಿಲ್ಲಿಸಿದರೆ ಅರ್ಧ ಮನೆಯ ಕಥೆ ಮಾತ್ರ ಹೇಳಿದ ಹಾಗಾಗುತ್ತದೆ. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನ ಬೆಂಟನ್ ಬ್ಯಾರಕ್ಸ್ ಆಸ್ಪತ್ರೆಯಿಂದ ಸ್ಪಾಟ್ಸ್‌ವುಡ್ ರೈಸ್ ಎಂಬ ಕರಿಯ ಸೈನಿಕ ಎರಡು ಕಾಗದ ಬರೆದ. ಮಿಜೂರಿ ರಾಜ್ಯದ ಗುಲಾಮನಾಗಿದ್ದು ತಪ್ಪಿಸಿಕೊಂಡು ಉತ್ತರದ ಸೈನ್ಯ ಸೇರಿದವನು. ಮಿಜೂರಿ ಒಕ್ಕೂಟ ಬಿಟ್ಟಿರಲಿಲ್ಲ, ಆದರೂ ಅಲ್ಲಿ ಗುಲಾಮಗಿರಿ ಇತ್ತು. ಒಂದು ಕಾಗದ ಇನ್ನೂ ಬಿಡುಗಡೆಯಾಗದ ತನ್ನ ಹೆಣ್ಣುಮಕ್ಕಳಿಗೆ: ನಿಮ್ಮನ್ನು ಮರೆತಿಲ್ಲ, ಪ್ರಾಣ ಹೋದರೂ ಸರಿ, ಬಂದು ಕರೆದುಕೊಂಡು ಹೋಗುತ್ತೇನೆ. ಇನ್ನೊಂದು, ಮಗಳನ್ನು ಇಟ್ಟುಕೊಂಡಿದ್ದ ಯಜಮಾನತಿಗೆ: ನನ್ನ ಮಗುವನ್ನು ಎಷ್ಟು ದಿನ ಹೆಚ್ಚಿಗೆ ಹಿಡಿದಿಡುತ್ತೀಯೋ ಅಷ್ಟು ದಿನ ಹೆಚ್ಚಿಗೆ ನರಕದಲ್ಲಿ ಬೇಯುತ್ತೀಯ. ಇದೂ ಅದೇ ಯುದ್ಧದ ಬಿಡಾರದಿಂದ ಮನೆಗೆ ಬರೆದ ಕಾಗದ. ಉತ್ತರದ ಸೈನ್ಯದಲ್ಲಿ ಹೀಗೆ ಸುಮಾರು 1,80,000 ಕರಿಯ ಸೈನಿಕರಿದ್ದರು.

ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ಹುಡುಕಾಟ ಶುರು ಮಾಡಿದರು. ಚಿಕ್ಕಂದಿನಲ್ಲಿ ಮಾರಾಟವಾಗಿ ದೂರವಾದ ತಾಯಿ, ತಮ್ಮ, ಹೆಂಡತಿ, ಮಗು. ವಿಳಾಸವಿಲ್ಲ, ಎಷ್ಟೋ ವೇಳೆ ಹೆಸರೂ ಬದಲಾಗಿದೆ. ನ್ಯೂ ಆರ್ಲಿಯನ್ಸ್‌ನ ಒಂದು ಮೆಥಡಿಸ್ಟ್ ಪತ್ರಿಕೆ 1870ರ ದಶಕದ ಕೊನೆಯಿಂದ ಕಳೆದುಹೋದ ಬಂಧುಗಳ ಪ್ರಕಟಣೆಗೆಂದೇ ಒಂದು ಅಂಕಣ ನಡೆಸಿತು. ಚಂದಾದಾರರಲ್ಲದವರಿಗೆ 50 ಸೆಂಟ್. ಇವನ್ನು ಪ್ರತಿ ಚರ್ಚಿನಲ್ಲೂ ಗಟ್ಟಿಯಾಗಿ ಓದಿ ಹೇಳಬೇಕೆಂದು ಪಾದ್ರಿಗಳನ್ನು ಪತ್ರಿಕೆ ಕೇಳಿಕೊಂಡಿತ್ತು. ಇಂಥ ಯಜಮಾನ, ಇಂಥ ಕೌಂಟಿ, ಇಂಥ ವ್ಯಾಪಾರಿ ನನ್ನ ಅಮ್ಮನನ್ನು ಒಯ್ದ, ಆಗ ನನಗೆ ಇಷ್ಟು ವರ್ಷ ಎಂಬಂಥ ನಾಲ್ಕಾರು ಸಾಲುಗಳು. ಸಾವಿರಾರು ಪ್ರಕಟಣೆಗಳು ಈಗ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ಕಾನ್ಫೆಡರೇಟ್ ಸಿಪಾಯಿಯ ಕಾಗದಗಳನ್ನು ಹುಡುಕಿಕೊಂಡು ಹೋಗುವವರು ಇವನ್ನೂ ಪಕ್ಕದಲ್ಲಿಟ್ಟುಕೊಂಡು, ಕೌಂಟಿಯ ಹೆಸರು ಹೊಂದಿಸಿ ಓದಿ. ಒಂದೇ ಊರಿನಿಂದ ಹೊರಟ ಎರಡೂ ಬಗೆಯ ಕಾಗದಗಳು ನಿಮಗೆ ಸಿಗುತ್ತವೆ.